ಬೀಗದಮ್ಮ ಕೇಳಿಸಿಕೊಂಡ ಸದ್ದು

ಆ ಚರ್ಚಿನಲ್ಲಿ ಬೀಗದಮ್ಮ ಯಾರೆಂದು ಯಾರೂ ಕೇಳುವ ಹಾಗಿರಲಿಲ್ಲ. ಆಕೆ ಬರುವ ಮೊದಲು ಆಕೆಯ ಸೊಂಟದ ಕೀಲಿಗೊಂಚಲು ಬರುತ್ತಿತ್ತು. ಅದರ ಝಣಝಣ ಕೇಳಿದೊಡನೆ ಗಾಯನ ಮಂಡಳಿಯ ಹುಡುಗಿಯರು ಬೆಂಚಿನ ಮೇಲಿಟ್ಟ ಕಾಲು ಇಳಿಸುತ್ತಿದ್ದರು. ಪಾದ್ರಿಗಳು ಕೂಡ ತಾವೇನಾದರೂ ಎಡವಟ್ಟು ಮಾಡಿಕೊಂಡಿದ್ದೇವೆಯೇ ಎಂದು ಒಮ್ಮೆ ಸುತ್ತ ನೋಡಿಕೊಳ್ಳುತ್ತಿದ್ದರು. ಮುಂಬಾಗಿಲು, ಪಕ್ಕದ ಬಾಗಿಲು, ಗಂಟೆಗೋಪುರದ ಬಾಗಿಲು, ನಿಲುವಂಗಿಗಳ ಬೀರು, ಪ್ರಭುಭೋಜನದ ಪಾತ್ರೆಗಳ ಕಪಾಟು, ಅಷ್ಟೇಕೆ, ಪೊರಕೆ ಇಡುವ ಗೂಡಿಗೂ ಒಂದು ಬೀಗ, ಬೀಗಕ್ಕೊಂದು ಕೀಲಿ. ಕಣ್ಣು ಮುಚ್ಚಿಕೊಂಡು ಬರೀ ಬೆರಳಲ್ಲಿ ಸವರಿ ಯಾವ ಕೀಲಿ ಯಾವ ಬೀಗದ್ದೆಂದು ಹೇಳಬಲ್ಲ ಹೆಂಗಸು ಅವಳು.

ಈ ಅಧಿಕಾರವನ್ನು ಆಕೆಗೆ ಯಾರೂ ಕರೆದು ಕೊಟ್ಟದ್ದಲ್ಲ. ಗಂಡ ಬಡಗಿಯಾಗಿದ್ದ, ಚರ್ಚಿನ ಬೆಂಚುಗಳೆಲ್ಲ ಆತನ ಕೈಯವೇ. ಆತ ಒಂದು ದಿನ ಇದ್ದಕ್ಕಿದ್ದಂತೆ ತೀರಿಕೊಂಡಾಗ ಮಗಳಿಗಿನ್ನೂ ಅಕ್ಷರ ಬರುತ್ತಿರಲಿಲ್ಲ. ಸುಮ್ಮನೆ ಕೂತರೆ ಹುಚ್ಚು ಹಿಡಿದೀತೆಂದು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಚರ್ಚು ಗುಡಿಸಲು ಬಂದಳು. ಗುಡಿಸಿದವಳು ಒರೆಸಿದಳು, ಒರೆಸಿದವಳು ಒಗೆದಳು, ನೋಡನೋಡುತ್ತ ಇಡೀ ಚರ್ಚು ಅವಳ ತೆಕ್ಕೆಗೆ ಬಂತು. ಒಂದು ವರ್ಷ ಯಾರೋ ಹಿತ್ತಾಳೆಯ ದೀಪಸ್ತಂಭಗಳನ್ನು ಎತ್ತಿಕೊಂಡು ಹೋದರು. ಅಂದಿನಿಂದ ಶುರುವಾಯಿತು ನೋಡಿ ಈ ಬೀಗದ ಗೀಳು. ತೆರೆದ ಬಾಗಿಲು ಕಂಡರೆ ಎಳೆದು, ಬೀಗ ಒತ್ತಿಯೇ ಮುಂದಿನ ಹೆಜ್ಜೆ. ಒಳಗೆ ಯಾರಿದ್ದಾರೆ ಎಂದು ನೋಡುವ ಪುರಸೊತ್ತು ಎಲ್ಲಿ? ಒಮ್ಮೆ ಸಂಗೀತದ ಮೇಷ್ಟ್ರನ್ನು ಬಚ್ಚಲಲ್ಲಿ ಕೂಡಿಹಾಕಿ ಮನೆಗೆ ಹೋಗಿ ಊಟ ಮಾಡಿ ಬಂದಿದ್ದಳು. ಆಮೇಲೆ ಬಾಗಿಲು ತೆಗೆದಾಗ ಮೇಷ್ಟ್ರು ಬೆವರಿನಲ್ಲಿ ಮಿಂದಿದ್ದರು. "ಒಳಗಿದ್ದೀನಿ ಅಂತ ಒಂದು ಹಾಡಾದ್ರೂ ಹಾಡಬಾರದಾ ಮೇಷ್ಟ್ರೇ? ದಿನಾ ಹಾಡ್ತೀರಪ್ಪ!" ಎಂದು ಅವರ ಮೇಲೆಯೇ ರೇಗಿದಳು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಬೀಗದಮ್ಮನಿಗೆ ಸ್ವಂತ ಹಾಸಿಗೆಯಲ್ಲೂ ನಿದ್ದೆ ಇರಲಿಲ್ಲ. ಪಕ್ಕದ ಬಾಗಿಲು ಹಾಕಿದೆನೋ ಇಲ್ಲವೋ, ಮೇಣದ ಬತ್ತಿ ಪೂರ್ತಿ ಆರಿತ್ತೋ ಇಲ್ಲವೋ. ದೇವರ ಮೇಲೆ ನಂಬಿಕೆ ಬೆಟ್ಟದಷ್ಟಿತ್ತು. ಆದರೆ ದೇವರಿಗೆ ಎಲ್ಲವನ್ನೂ ಜ್ಞಾಪಿಸುವ ಹೊಣೆ ತನ್ನದೇ ಎಂದುಕೊಂಡಿದ್ದಳು, ಪಾಪ. ಅವಳ ಪ್ರಾರ್ಥನೆ ಕೇಳಿದರೆ ಅಂಗಡಿಗೆ ಸಾಮಾನು ಬರೆಸಿದ ಹಾಗಿರುತ್ತಿತ್ತು. ಸ್ವಾಮೀ, ಮೈಕು ಕೈಕೊಡದಿರಲಿ. ಮೇಷ್ಟ್ರ ಗಂಟಲು ಕಟ್ಟದಿರಲಿ. ಹೂವಿನವನು ಹೊತ್ತಿಗೆ ಸರಿಯಾಗಿ ಬರಲಿ. ಹೀಗೆ ಸಾಗಿ ಸಾಗಿ, ಉಸಿರು ಮುಗಿಯುವ ಹೊತ್ತಿಗೆ, "ನನ್ನ ಪುಟ್ಟಿಯನ್ನು ಕಾಪಾಡಪ್ಪಾ, ಆಮೆನ್." ಪುಟ್ಟಿ ಎಂದರೆ ಅವಳ ಒಬ್ಬಳೇ ಮಗಳು.

ಆ ವರ್ಷ ಚರ್ಚಿಗೆ ನೂರು ತುಂಬಿತು. ಭಾನುವಾರದ ಆರಾಧನೆಗೆ ಬಿಷಪ್ಪರೇ ಬರುವವರಿದ್ದರು. ಬೀಗದಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡಳು. ಪೀಠದ ಬಿಳಿ ಬಟ್ಟೆಯ ಮೇಲೆ ಬಿದ್ದಿದ್ದ ಮೇಣದ ಕಲೆಗಳ ಮೇಲೆ ಕಂದು ಕಾಗದ ಹಾಸಿ, ಬಿಸಿ ಇಸ್ತ್ರಿ ಒತ್ತಿ, ಮೇಣವನ್ನೆಲ್ಲ ಕಾಗದ ಹೀರಿಕೊಳ್ಳುವ ಹಾಗೆ ಮಾಡಿದಳು. ಪ್ರಭುಭೋಜನದಲ್ಲಿ ದ್ರಾಕ್ಷಾರಸ ಕೊಡುವ ಬೆರಳುದ್ದದ ಗಾಜಿನ ಲೋಟಗಳನ್ನು ಒಂದೊಂದಾಗಿ ತೊಳೆದು, ಬೆಳಕಿಗೆ ಹಿಡಿದು, ಬೆರಳಿನ ಗುರುತು ಕಂಡದ್ದನ್ನು ಮತ್ತೆ ತೊಳೆದಳು. "ನಾನಿಲ್ಲದಿದ್ರೆ ಇಲ್ಲಿ ಒಂದು ಹುಲ್ಲುಕಡ್ಡಿನೂ ಅಲ್ಲಾಡಲ್ಲ" ಎಂದು ಹೋಗಿ ಬರುವವರಿಗೆಲ್ಲ ಹೇಳಿದಳು. ಅದು ಬಡಾಯಿಯಲ್ಲ, ಹೆದರಿಕೆ. ಹಾಗೆ ಹೇಳಿಕೊಳ್ಳದಿದ್ದರೆ ಕಾಲ ಕೆಳಗಿನ ನೆಲ ಸರಿಯುತ್ತದೆಂಬ ಹೆದರಿಕೆ.

ಅದೇ ಸಮಯಕ್ಕೆ ಮಗಳು ತಾಯಿಯ ಮನೆಯಲ್ಲಿದ್ದಳು. ಎಂಟು ತಿಂಗಳು ದಾಟಿದ ಬಸುರಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಅಳಿಯ ದೂರದೂರಿಗೆ ಲಾರಿ ಓಡಿಸುವವನು. ಹೆಂಡತಿ ಒಂಟಿಯಾಗಿರುವುದು ಬೇಡವೆಂದು ಅವನೇ ತಂದು ಬಿಟ್ಟು, ಅತ್ತೆಯ ಕೈ ಹಿಡಿದು, "ನೀವಿದ್ದೀರಲ್ಲ, ಇನ್ನು ನನಗೆ ಯೋಚನೆ ಇಲ್ಲ" ಎಂದು ಹೇಳಿ ಹೋಗಿದ್ದ.

ಭಾನುವಾರ ಬೆಳಿಗ್ಗೆ ಬೀಗದಮ್ಮ ಅಡುಗೆಮನೆಯ ಮೇಜಿನ ಮೇಲೆ ಪೀಠದ ಬಟ್ಟೆಗೆ ಕೊನೆಯ ಇಸ್ತ್ರಿ ಒತ್ತುತ್ತಿದ್ದಳು. ಮಗಳು ಬಾಗಿಲಿಗೆ ಒರಗಿ ನಿಂತಳು. ಮುಖ ಬಾಡಿತ್ತು.

"ಅಮ್ಮಾ, ನಿನ್ನೆ ಸಂಜೆಯಿಂದ ಮಗು ಸರಿಯಾಗಿ ಒದೀತಿಲ್ಲ."

"ನಿದ್ದೆ ಮಾಡ್ತಿರತ್ತೆ ಕಣೇ."

"ಇಷ್ಟು ಹೊತ್ತಾ? ಸ್ವಲ್ಪ ಕೈಯಿಟ್ಟು ನೋಡಮ್ಮ."

"ಕೈ ಬಿಸಿಯಾಗಿದೆ, ನೋಡು. ಕೊನೇ ತಿಂಗಳಲ್ಲಿ ಒಳಗೆ ಜಾಗ ಇರಲ್ಲ, ಮಕ್ಕಳು ಸುಮ್ನಾಗ್ತಾವೆ. ನೀನೂ ಹಾಗೇ ಮಾಡಿದ್ದೆ. ಆರಾಧನೆ ಒಂದು ಮುಗೀಲಿ, ಕೂತು ನೋಡ್ತೀನಿ. ಬೇಕಿದ್ರೆ ಆಸ್ಪತ್ರೆಗೂ ಹೋಗ್ಬರೋಣ."

ಚಿಕ್ಕಂದಿನಿಂದ ಮಗಳು ಕಲಿತ ಪಾಠ ಒಂದೇ: ಚರ್ಚಿನ ಕೆಲಸವಿದ್ದಾಗ ಅಮ್ಮನ ಹತ್ತಿರ ಹಟ ಮಾಡಬಾರದು. ಮನೆಯಲ್ಲಿ ಒಬ್ಬಳೇ ಇರಲು ಭಯವಾಗಿ ತಾಯಿಯ ಹಿಂದೆಯೇ ಹೊರಟಳು. ಆ ಗಡಿಬಿಡಿಯಲ್ಲಿ ಅವಳ ಫೋನು ಮನೆಯಲ್ಲೇ ಚಾರ್ಜಿಗೆ ಉಳಿಯಿತು.

ನಿಜ ಹೇಳಬೇಕೆಂದರೆ ಮಗಳ ಮಾತು ಬೀಗದಮ್ಮನ ಎದೆಯಲ್ಲಿ ಸಣ್ಣ ಮುಳ್ಳಿನಂತೆ ಕೂತೇ ಇತ್ತು. ಅದನ್ನು ಮುಟ್ಟಿ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಹೆದರಿದಷ್ಟೂ ಅವಳ ಕೈ ಚುರುಕಾಗುತ್ತಿತ್ತು. ಚರ್ಚಿನ ಅಂಗಳದಲ್ಲಿ ಪೆಂಡಾಲಿನವರು ಮೊಳೆ ಹೊಡೆಯುತ್ತಿದ್ದರು. ಮೈಕಿನವನು ಹಲೋ ಹಲೋ ಎಂದು ತಲೆ ಚಿಟ್ಟುಹಿಡಿಸುತ್ತಿದ್ದ. ಹೂವಿನವನು ಬಿಳಿ ಹೂವಿಗೆ ಬದಲು ಹಳದಿ ತಂದು ನಿಂತಿದ್ದ. ಬೀಗದಮ್ಮ ಸ್ಟೂಲಿನ ಮೇಲೆ ಹತ್ತಿ ಪರದೆ ಕಟ್ಟುತ್ತ, ಅಲ್ಲಿಂದಲೇ ಹೂವಿನವನ ಗ್ರಹಚಾರ ಬಿಡಿಸುತ್ತಿದ್ದಳು. ಆಗ ಕೆಳಗಿನಿಂದ ಮಗಳು ಏನೋ ಹೇಳಿದಳು.

"ಹೂಂ, ಹೂಂ, ಆಯ್ತು" ಎಂದಳು ಬೀಗದಮ್ಮ, ತಿರುಗಿಯೂ ನೋಡದೆ.

ಮಗಳು ಹೇಳಿದ್ದು, "ಅಮ್ಮಾ, ಹಳೇ ಕೋಣೇಲಿ ಸ್ವಲ್ಪ ಮಲಗಿರ್ತೀನಿ" ಎಂದು. ಪೀಠದ ಹಿಂದೆ ಒಂದು ಸಣ್ಣ ಕೋಣೆಯಿತ್ತು. ಮುರಿದ ಹಾರ್ಮೋನಿಯಂ, ಹರಿದ ಹಾಡಿನ ಪುಸ್ತಕಗಳು, ಬಡಗಿ ಮಾಡಿದ್ದ ಮೊದಲ ಬೆಂಚು. ತಾಯಿ ನೆಲ ಒರೆಸುವಾಗ ಆ ಹುಡುಗಿ ನಿದ್ದೆಹೋಗುತ್ತಿದ್ದದ್ದು ಅಪ್ಪನ ಆ ಬೆಂಚಿನ ಮೇಲೆಯೇ. ಎಡಮಗ್ಗುಲಿಗೆ ಮಲಗಿ ಮಗುವಿನ ಒದೆತ ಗಮನಿಸಬೇಕೆಂದು ಡಾಕ್ಟರು ಹೇಳಿದ್ದರಿಂದ ಅವಳು ಅಲ್ಲಿಗೆ ಹೋದಳು. ಮಲಗಿದವಳಿಗೆ ಹಾಗೇ ಜೋಂಪು ಹತ್ತಿತು.

ಸ್ವಲ್ಪ ಹೊತ್ತಿಗೆ ಬೀಗದಮ್ಮ ಹೂದಾನಿಗೆ ನೀರು ತರಲು ಆ ಕಡೆ ಹೋದಳು. ಹಳೇ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. "ಯಾವನಪ್ಪಾ ಇದನ್ನ ತೆಗೆದವನು? ಬಿಷಪ್ಪರು ಈ ಗುಜರಿ ನೋಡ್ಬೇಕಾ?" ಎಂದು ಗೊಣಗುತ್ತ ಬಾಗಿಲೆಳೆದು, ಕೊಂಡಿ ಹಾಕಿ, ಬೀಗ ಒತ್ತಿದಳು. ಒತ್ತಿದ್ದು ಕೈ. ತಲೆ ಹಳದಿ ಹೂವಿನಲ್ಲಿತ್ತು.

ಆರಾಧನೆಗೆ ಜನ ಸೇರತೊಡಗಿದಾಗ ಎಲ್ಲಿಂದಲೋ ದಬದಬ ಸದ್ದು ಬಂತು. ಬೀಗದಮ್ಮ ಪೀಠದ ಮುಂದೆ ಬತ್ತಿ ನೆಟ್ಟಗೆ ನಿಲ್ಲಿಸುತ್ತಿದ್ದಳು. ಮತ್ತೆ ದಬದಬ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಸುಮ್ನಿರ್ರಪ್ಪಾ! ಬಿಷಪ್ಪರು ಬರೋ ಹೊತ್ತಾಯ್ತು, ಇನ್ನೂ ಮೊಳೆ ಹೊಡೀತಾ ಕೂತಿದ್ದೀರಲ್ಲ! ಒಂದು ಚೂರು ಭಯ ಭಕ್ತಿ ಬೇಡ್ವಾ?" ಎಂದು ಗೋಡೆಯ ಕಡೆ ಮುಖ ಮಾಡಿ ಗದರಿದಳು.

ಸದ್ದು ನಿಂತಿತು. ತನ್ನ ಮಾತಿಗೆ ಇನ್ನೂ ಬೆಲೆಯಿದೆ ಎಂದು ಅವಳಿಗೆ ಒಳಗೊಳಗೇ ಸಮಾಧಾನವಾಯಿತು.

ಬಿಷಪ್ಪರು ಬಂದರು. ಗಂಟೆ ಮೊಳಗಿತು, ಮೊದಲ ಹಾಡು ಎದ್ದಿತು, ಮೇಷ್ಟ್ರ ಗಂಟಲು ಕಟ್ಟಿರಲಿಲ್ಲ. ಹಾಡಿನ ಮಧ್ಯೆ ಮತ್ತೆ ಅದೇ ಸದ್ದು ಬಂದಂತಾಗಿ ಬೀಗದಮ್ಮ ಹಲ್ಲು ಕಚ್ಚಿದಳು. ಆಮೇಲೆ ಅಭ್ಯಾಸಬಲದಿಂದ ಜನರನ್ನು ಒಂದು ಸುತ್ತು ನೋಡಿದಳು. ಮುಂದಿನ ಬೆಂಚಿನ ಮೇಲೆ ಮಗಳ ಕೈಚೀಲ ಇತ್ತು. ಮಗಳು ಇರಲಿಲ್ಲ.

ಹೊರಗೆ ಗಾಳಿಗೆ ಹೋಗಿರಬೇಕು ಎಂದುಕೊಂಡಳು. ಅಂಗಳದಲ್ಲಿಲ್ಲ. ಬಚ್ಚಲಿನ ಕಡೆ ಇಲ್ಲ. ಮನೆಗೆ ಹೋಗಿರಬೇಕು. ಹಾಗಂದುಕೊಂಡು ಬೀದಿಗಿಳಿದ ಮೇಲೆ ಹೊಳೆಯಿತು: ಮನೆಯ ಕೀಲಿಯೂ ತನ್ನ ಸೊಂಟದಲ್ಲೇ ಇದೆ. ಮಗಳು ಹೋಗಿದ್ದರೂ ಹೊಸಿಲಾಚೆಯೇ ನಿಂತಿರಬೇಕು. ಓಡಿದಳು. ಮನೆಯ ಮುಂದೆ ಯಾರೂ ಇರಲಿಲ್ಲ. ಒಳಗೆಲ್ಲೋ ಮಗಳ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಅದರ ಬೆನ್ನಿಗೇ ಬೀಗದಮ್ಮನ ಫೋನು ರಿಂಗಾಯಿತು. ಅಳಿಯ.

"ಅತ್ತೆ, ಅವಳ್ಯಾಕೆ ಫೋನ್ ತೆಗೀತಿಲ್ಲ? ಮಗು ಅಲ್ಲಾಡ್ತಿಲ್ಲ ಅಂತ ಬೆಳಿಗ್ಗೆ ಅಳ್ತಿದ್ಲು. ಡಾಕ್ಟ್ರು ಏನಂದ್ರು?"

ಬೀಗದಮ್ಮ ಬೀಗ ಬಿದ್ದಿದ್ದ ಮನೆಬಾಗಿಲನ್ನು ಒಮ್ಮೆ ತಳ್ಳಿ ನೋಡಿದಳು.

"ಅತ್ತೆ? ಆಸ್ಪತ್ರೇಲಿದ್ದೀರಲ್ವಾ?"

"ಹೋಗ್ತಾ ಇದ್ದೀವಪ್ಪ" ಎಂದಳು. ಹಾಡು ತಪ್ಪಿ ಹಾಡಿದವರನ್ನೂ ಬಿಡದವಳು, ಹೀಗೆ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು.

"ಅವಳನ್ನ ಒಬ್ಬಳೇ ಬಿಡ್ಬೇಡಿ ಅತ್ತೆ. ನೀವು ಜೊತೇಲಿದ್ದೀರಿ ಅಂತ ನಾನು ಧೈರ್ಯವಾಗಿ ಗಾಡಿ ಓಡಿಸ್ತಿದ್ದೀನಿ."

ಫೋನು ಇಟ್ಟ ಮೇಲೆ ಅವಳಿಗೆ ಬೀದಿ ಯಾವುದು, ದಿಕ್ಕು ಯಾವುದು ತಿಳಿಯಲಿಲ್ಲ. ಮೂಲೆಯ ಔಷಧಿ ಅಂಗಡಿಗೆ ನುಗ್ಗಿ, "ನನ್ನ ಮಗಳು ಬಂದಿದ್ಲಾ? ಬಸುರಿ, ನೀಲಿ ಬಟ್ಟೆ" ಎಂದು ಕೇಳಿದಳು. ಅಂಗಡಿಯವನು ಇಲ್ಲವೆಂದು ತಲೆಯಾಡಿಸಿದ. ನೀಲಿಯೋ ಹಸಿರೋ ಅವಳಿಗೇ ಖಾತ್ರಿಯಿರಲಿಲ್ಲ. ಬೆಳಿಗ್ಗೆ ಮಗಳು ಯಾವ ಬಟ್ಟೆ ಹಾಕಿಕೊಂಡಿದ್ದಳೆಂದು ಅವಳು ನೋಡಿಯೇ ಇರಲಿಲ್ಲ. ಪೀಠದ ಬಟ್ಟೆಯ ಒಂದೊಂದು ಮಡಿಕೆಯೂ ಕಣ್ಣಿಗೆ ಕಟ್ಟಿದಂತಿತ್ತು. ದಾದಿಯ ಮನೆ, ಬಸ್ ನಿಲ್ದಾಣದ ಬೆಂಚು, ನೀರಿನ ಟ್ಯಾಂಕಿನ ನೆರಳು, ಎಲ್ಲ ಕಡೆ ಹೋದಳು. ಎಲ್ಲಾದರೂ ತಲೆಸುತ್ತಿ ಬಿದ್ದಿದ್ದರೆ? ನನ್ನ ಮೇಲೆ ಮುನಿದು ಒಬ್ಬಳೇ ಎತ್ತಲೋ ಹೋಗಿದ್ದರೆ? ಓಡುತ್ತ ಪ್ರಾರ್ಥಿಸಲು ನೋಡಿದಳು. ಬಾಯಿಗೆ ಬಂದದ್ದು ಮೈಕು, ಹೂವು, ಮೇಷ್ಟ್ರ ಗಂಟಲು. ನಾಲಗೆಗೆ ಅಭ್ಯಾಸವಾಗಿದ್ದ ದಾರಿ ಅದೊಂದೇ. ಅವಳಿಗೆ ನಾಚಿಕೆಯಿಂದ ಅಳು ಬಂತು.

ಬೇರೆ ದಾರಿ ಕಾಣದೆ ಮತ್ತೆ ಚರ್ಚಿಗೆ ಬಂದಳು. ಯಾರನ್ನಾದರೂ ಎಬ್ಬಿಸಿ ಹುಡುಕಲು ಕಳಿಸಬೇಕು, ಬಿಷಪ್ಪರ ಬೋಧನೆ ನಡೆಯುತ್ತಿದ್ದರೆ ಹೇಗೆ ಕರೆಯುವುದು ಎಂದು ಆಗಲೂ ಒಂದು ಅಳುಕು. ಪೆಂಡಾಲಿನ ನೆರಳಿನಲ್ಲಿ ಮೇಸ್ತ್ರಿ ಮತ್ತು ಅವನ ಆಳುಗಳು ಕಾಲು ಚಾಚಿಕೊಂಡು ಚಹಾ ಕುಡಿಯುತ್ತಿದ್ದರು. ಒಳಗೆ ಬಿಷಪ್ಪರು, ಈ ನೂರು ವರ್ಷ ಇಲ್ಲಿ ಮೊಣಕಾಲೂರಿದವರನ್ನೆಲ್ಲ ನೆನೆದು ಸ್ವಲ್ಪ ಹೊತ್ತು ಮೌನವಾಗಿರೋಣ ಎಂದರು. ಬೆಂಚುಗಳು ಕಿರುಗುಟ್ಟಿ ಸುಮ್ಮನಾದವು. ಮೈಕು ಸುಮ್ಮನಾಯಿತು.

ಆ ನಿಶ್ಶಬ್ದದೊಳಗೆ ದಬ್ ಎಂದಿತು. ಸ್ವಲ್ಪ ಬಿಟ್ಟು ಮತ್ತೊಮ್ಮೆ, ಮೊದಲಿಗಿಂತ ಮೆತ್ತಗೆ.

ಬೀಗದಮ್ಮ ಮೇಸ್ತ್ರಿಯ ಕಡೆ ನೋಡಿದಳು. ಅವನ ಸುತ್ತಿಗೆ ಕಾಲ ಬಳಿ ಬಿದ್ದಿತ್ತು.

"ನಿಮ್ಮವರು ಯಾರಾದ್ರೂ ಹಿಂದೆ ಕೆಲಸ ಮಾಡ್ತಿದ್ದಾರಾ?"

"ಇಲ್ಲಮ್ಮ. ನಮ್ಮ ಕೆಲಸ ಆವಾಗ್ಲೇ ಮುಗೀತಲ್ಲ. ಎಲ್ಲಾ ಇಲ್ಲೇ ಇದ್ದೀವಿ."

ಆಗ ಅವಳಿಗೆ ಎಲ್ಲ ಒಟ್ಟಿಗೆ ತಿಳಿಯಿತು. ಅರ್ಧ ತೆರೆದ ಬಾಗಿಲು, ಅಪ್ಪನ ಬೆಂಚು, ಸ್ಟೂಲಿನ ಕೆಳಗೆ ಮಗಳ ದನಿ, ತಾನಂದ ಹೂಂ ಹೂಂ. ಮುಂಬಾಗಿಲು ದಾಟಿ ಬೆಂಚುಗಳ ನಡುವಿನ ದಾರಿಯಲ್ಲಿ ಓಡತೊಡಗಿದಳು. ಮೌನದಲ್ಲಿದ್ದ ಸಭೆಯೆಲ್ಲ ಕೀಲಿಗೊಂಚಲಿನ ಸದ್ದಿಗೆ ಕಣ್ಣು ಬಿಟ್ಟಿತು. ಮಕ್ಕಳು ಪೀಠದ ಮೆಟ್ಟಿಲು ಹತ್ತಿದರೆ ಕಿವಿ ಹಿಂಡುತ್ತಿದ್ದವಳು, ಬಿಷಪ್ಪರ ಪಕ್ಕದಲ್ಲೇ ದಡದಡ ಹತ್ತಿ, ಹಳದಿ ಹೂವಿನ ಹೂದಾನಿಯನ್ನು ಉರುಳಿಸಿ ಹಿಂದಕ್ಕೆ ಹೋದಳು.

"ಪುಟ್ಟೀ!"

"ಅಮ್ಮಾ." ದನಿ ಬಾಗಿಲ ಬುಡದಿಂದ ಬಂತು. ಅವಳು ನೆಲದ ಮೇಲೆ ಕೂತಿದ್ದಳು.

ಬೀಗದಮ್ಮ ಗೊಂಚಲು ಬಿಚ್ಚಿದಳು. ಒಂದು ಕೀಲಿ ಹಾಕಿದಳು, ಅದು ಗೋಪುರದ್ದು. ಇನ್ನೊಂದು ಹಾಕಿದಳು, ಪೊರಕೆ ಗೂಡಿನದು. ಕಣ್ಣು ಮುಚ್ಚಿ ಹೇಳಬಲ್ಲವಳಿಗೆ ಕಣ್ಣು ಬಿಟ್ಟರೂ ಒಂದೂ ಗುರುತು ಸಿಗಲಿಲ್ಲ. ಗೊಂಚಲು ಕೈಜಾರಿ ನೆಲಕ್ಕೆ ಬಿತ್ತು. "ಒಡೀರಪ್ಪಾ! ಯಾರಾದ್ರೂ ಒಡೀರಿ!" ಎಂದು ಕೂಗಿದಳು. ಅವಳ ಹಿಂದೆಯೇ ಓಡಿಬಂದಿದ್ದ ಮೇಸ್ತ್ರಿ, "ಸರೀರಿ ಅಮ್ಮ" ಎಂದು ಸುತ್ತಿಗೆಯಿಂದ ಕೊಂಡಿಗೆ ಕೊಟ್ಟ ಏಟಿಗೆ ಹಳೇ ಮರ ಸೀಳಿ ಬೀಗ ಹಾಕಿದ ಹಾಗೆಯೇ ಕೊಂಡಿ ಸಮೇತ ಕೆಳಗೆ ಬಿತ್ತು.

ಮಗಳ ತುಟಿ ಬಿಳಿಚಿಕೊಂಡಿತ್ತು. ಹೊಟ್ಟೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದಳು. "ಒಂದು ಸಲನೂ ಒದೀಲಿಲ್ಲಮ್ಮ" ಎಂದಳು. ಆ ಮಾತು ಕೇಳಿ ಬೀಗದಮ್ಮ ಬಿಷಪ್ಪರ ಕಡೆ ತಿರುಗಿ ಕೈಮುಗಿದು ಏನೋ ಕ್ಷಮೆ ಕೇಳಲು ಹೊರಟಳು. ಹೇಳಿಕೇಳಿ ಬಿಷಪ್ಪರು, ನಾಲ್ಕು ಒಳ್ಳೇ ಮಾತು ಆಡಬಹುದಿತ್ತು. ಆಡಲಿಲ್ಲ. ನಿಲುವಂಗಿಯ ತೋಳು ಮೇಲೇರಿಸಿ, ಒಂದು ಕಡೆ ಅವರು, ಇನ್ನೊಂದು ಕಡೆ ಮೇಸ್ತ್ರಿ, ಹುಡುಗಿಯನ್ನು ಎತ್ತಿ ಹಿಡಿದು ಪಕ್ಕದ ಬಾಗಿಲಿನಿಂದ ಹೊರಗೆ ನಡೆಸಿಕೊಂಡು ಹೋದರು. ಆ ಹೊತ್ತಿಗೆ ಸಿಕ್ಕ ಗಾಡಿ ಎಂದರೆ ಪೆಂಡಾಲಿನ ಸಣ್ಣ ಲಾರಿ. ಮಡಚಿಟ್ಟ ಬಟ್ಟೆಯ ರಾಶಿಯ ಮೇಲೆ ಮಗಳನ್ನು ಮಲಗಿಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಗದಮ್ಮ ಕೂತಳು. ಗುಂಡಿ ಬಂದಾಗಲೆಲ್ಲ ಮೇಸ್ತ್ರಿ ಕಿಟಕಿಯಿಂದ ತಲೆ ಹಾಕಿ, "ಗಟ್ಟಿಯಾಗಿ ಹಿಡ್ಕೊಳ್ಳಿ" ಎನ್ನುತ್ತಿದ್ದ.

ಆಸ್ಪತ್ರೆಯಲ್ಲಿ ನರ್ಸು ಹೊಟ್ಟೆಗೆ ತಣ್ಣನೆಯ ಅಂಟು ಸವರಿ, ಕೈಯಲ್ಲಿ ಹಿಡಿಯುವ ಒಂದು ಯಂತ್ರವನ್ನು ಒತ್ತಿ ಹುಡುಕಿದಳು. ಬರೀ ಗರಗರ ಸದ್ದು. ಎಡಕ್ಕೆ ಸರಿಸಿದಳು, ಕೆಳಕ್ಕೆ ಸರಿಸಿದಳು. ಮಗಳು ನರ್ಸಿನ ಮುಖವನ್ನೇ ನೋಡುತ್ತಿದ್ದಳು. ಬೀಗದಮ್ಮ ಯಾರ ಮುಖವನ್ನೂ ನೋಡಲಾರದೆ ಗೋಡೆ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ, ಎಲ್ಲೋ ಆಳದಲ್ಲಿ ಟಕ್, ಟಕ್, ಟಕ್.

"ಇದೆ" ಎಂದಳು ನರ್ಸು. ನಗಲಿಲ್ಲ. "ಆದ್ರೆ ನಿಧಾನ ಇದೆ. ಡಾಕ್ಟರನ್ನ ಕರೀತೀನಿ." ಡಾಕ್ಟರು ಬಂದು ನೋಡಿ, ಕಾಯುವ ಹಾಗಿಲ್ಲ, ಈಗಲೇ ಕೊಯ್ದು ತೆಗೆಯಬೇಕು ಎಂದರು. ಇನ್ನೂ ಮೊದಲೇ ಯಾಕೆ ಬರಲಿಲ್ಲ ಎಂದೂ ಕೇಳಿದರು. ಮಗಳನ್ನು ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು. ಈ ಸಲ ಹೊರಗೆ ಉಳಿದವಳು ತಾಯಿ.

ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಅವಳು ಕೈಜೋಡಿಸಿ ಕೂತಳು. ಸಂಡೇ ಸ್ಕೂಲಿನಲ್ಲಿ ಎಷ್ಟು ವರ್ಷ ಮಕ್ಕಳಿಗೆ ಕಲಿಸಿದ್ದಳು, ಸ್ವಾಮಿ ಬಂದು ನಿಮ್ಮ ಬಾಗಿಲು ತಟ್ಟುತ್ತಾನೆ, ಕೇಳಿಸಿಕೊಂಡು ತೆಗೆಯಬೇಕು ಎಂದು! ಹೇಳುವಾಗ ಮೇಜನ್ನು ಟಕಟಕ ಕುಟ್ಟಿ ತೋರಿಸುತ್ತಿದ್ದಳು. ಆತ ಬರುವುದು ಮುಂಬಾಗಿಲಿಗೆ, ಬರುವಾಗ ಹಿತ್ತಾಳೆ ಹೊಳೆಯುತ್ತಿರಬೇಕು, ಬಟ್ಟೆ ಬೆಳ್ಳಗಿರಬೇಕು ಎಂದುಕೊಂಡಿದ್ದಳು. ತಾನೇ ಬೀಗ ಹಾಕಿದ ಕೋಣೆಯ ಒಳಗಿನಿಂದ ಆತ ತಟ್ಟಿಯಾನೆಂದು ಅವಳು ಎಣಿಸಿರಲಿಲ್ಲ. ಇಷ್ಟು ವರ್ಷ ತಾನು ಸೇವೆ ಎಂದು ಮಾಡಿದ್ದರಲ್ಲಿ ಸೇವೆ ಎಷ್ಟು, ಭಯ ಎಷ್ಟು? ಗಂಡನನ್ನು ಕಳೆದುಕೊಂಡವಳು ಇನ್ನೇನೂ ಕಳೆಯಬಾರದೆಂದು ಎಲ್ಲಕ್ಕೂ ಬೀಗ ಹಾಕಿದಳು. ಕಳೆಯಬಾರದ್ದನ್ನೇ ಬಾಗಿಲ ಆಚೆ ಬಿಟ್ಟಳು.

"ಸ್ವಾಮೀ" ಎಂದಳು. "ಮಗಳು. ಮಗು. ಸ್ವಾಮೀ, ಮಗಳು, ಮಗು." ಅವಳ ಆಯುಷ್ಯದ ಅತ್ಯಂತ ಸಣ್ಣ ಪ್ರಾರ್ಥನೆ ಅದು. ಅದನ್ನೇ ಹೇಳಿದಳು, ಹೇಳುತ್ತಲೇ ಇದ್ದಳು. ಹೆದರಿಕೆ ಹೋಗಲಿಲ್ಲ. ಆದರೆ ಆ ಹೆದರಿಕೆಯ ಜೊತೆ ತಾನೊಬ್ಬಳೇ ಇಲ್ಲ ಎನ್ನಿಸಿತು.

ಅಷ್ಟರಲ್ಲಿ ಫೋನು. ಚರ್ಚಿನ ಕಾರ್ಯದರ್ಶಿ. "ಅಮ್ಮಾ, ಮಗಳು ಹೇಗಿದ್ದಾರೆ? ಈ ಹೊತ್ತಲ್ಲಿ ಕೇಳಬಾರದು, ಕ್ಷಮಿಸಿ, ಪ್ರಭುಭೋಜನದ ಲೋಟಗಳ ಕಪಾಟಿನ ಕೀಲಿ ಯಾವುದು? ಗೊಂಚಲು ಇಲ್ಲೇ ಬಿದ್ದಿದೆ, ಒಂದೂ ಗೊತ್ತಾಗ್ತಿಲ್ಲ."

"ಬೀಗ ಒಡೀರಿ" ಎಂದಳು ಬೀಗದಮ್ಮ.

"ಏನು?"

"ಒಡೀರಿ ಅಂದೆ. ಇಲ್ಲಾಂದ್ರೆ ಯಾರ ಮನೆಯಿಂದಾದ್ರೂ ಲೋಟ ತರ್ಸಿ. ನನಗೆ ಫೋನ್ ಮಾಡ್ಬೇಡಿ."

ಪಕ್ಕದ ಮನೆಗಳಿಂದ ಚಹಾದ ಲೋಟ ತರಿಸಿ ಪ್ರಭುಭೋಜನ ಮುಗಿಸಿದರಂತೆ. ಯಾವ ಕುಂದೂ ಬರಲಿಲ್ಲ. ನೂರು ವರ್ಷದ ಹಬ್ಬ ಅವಳಿಲ್ಲದೆ ಸಾಂಗವಾಗಿ ನಡೆಯಿತು. ಆಮೇಲೆ ಇದು ತಿಳಿದಾಗ ಅವಳಿಗೆ ಒಂದು ಕ್ಷಣ ಚುರ್ ಎಂದದ್ದೂ ಸುಳ್ಳಲ್ಲ.

ಮಗು ಬದುಕಿತು. ಹೆಣ್ಣು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತಂತೆ, ಅಂಗೈಯಗಲ ಮುಖ. ಮೊದಲು ಅಳಲಿಲ್ಲ, ಬೆನ್ನು ತಿಕ್ಕಿದ ಮೇಲೆ ಅತ್ತಿತು. ಆ ದನಿ ಕೇಳಿ ಬೀಗದಮ್ಮ ಬೆಂಚಿನಿಂದ ಜಾರಿ ನೆಲದ ಮೇಲೆ ಕೂತುಬಿಟ್ಟಳು. ಸುದ್ದಿ ಕೇಳಲು ಕಾದಿದ್ದ ಮೇಸ್ತ್ರಿ ಟವೆಲಿನಿಂದ ಮುಖ ಒರೆಸಿಕೊಂಡು, ಪೆಂಡಾಲು ಬಿಚ್ಚುವುದಿದೆ ಎಂದು ಹೊರಟುಹೋದ. ಅಳಿಯನಿಗೆ ಅವಳೇ ಫೋನು ಮಾಡಿದಳು. ಬೆಳಿಗ್ಗೆ ಹೇಳಿದ್ದು ಸುಳ್ಳು ಎನ್ನುವುದರಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಅವನು ಏನೂ ಬೈಯಲಿಲ್ಲ, ಬರುತ್ತಿದ್ದೇನೆ ಎಂದಷ್ಟೇ ಹೇಳಿದ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಬಿಸಿಲು ಇಳಿಯುವ ಹೊತ್ತಿಗೆ ಮಗಳನ್ನು ವಾರ್ಡಿಗೆ ತಂದರು. ಮಗು ಪಕ್ಕದಲ್ಲಿ ಬಟ್ಟೆಯೊಳಗೆ ಮಲಗಿತ್ತು. ಬೀಗದಮ್ಮ ಮಂಚದ ಬದಿಯ ಕುರ್ಚಿಯಲ್ಲಿ ಕೂತಿದ್ದಳು. ಎದ್ದು ಸರಿಪಡಿಸಲು ಅಲ್ಲಿ ಬೇಕಾದಷ್ಟಿತ್ತು. ಹೊದಿಕೆ ಸುಕ್ಕಾಗಿತ್ತು, ಕಿಟಕಿಯ ಪರದೆ ಒಂದು ಕಡೆ ಜೋತುಬಿದ್ದಿತ್ತು. ಅವಳು ಏಳಲಿಲ್ಲ.

ಮಗಳು ಕಣ್ಣು ಬಿಟ್ಟಳು. "ಅಮ್ಮಾ, ಒಂದು ಕೇಳ್ತೀನಿ. ಸುಳ್ಳು ಹೇಳ್ಬೇಡ."

"ಕೇಳು."

"ನಾನು ಬಾಗಿಲು ತಟ್ಟಿದ್ದು ನಿನಗೆ ಕೇಳಿಸ್ಲಿಲ್ವಾ?"

ಇಲ್ಲ ಎನ್ನಬಹುದಿತ್ತು. ಮೈಕು, ಹಾಡು, ಅಷ್ಟು ಜನ, ಯಾರೂ ನಂಬುತ್ತಿದ್ದರು.

"ಕೇಳಿಸ್ತು ಕಣೇ" ಎಂದಳು ಬೀಗದಮ್ಮ. "ಒಂದು ಸಲ ಅಲ್ಲ. ಯಾರೋ ಕೆಲಸದವರು ಅಂದ್ಕೊಂಡೆ. ಗದರಿದೆ."

ಮಗಳು ಮಗುವಿನ ನೆತ್ತಿಯನ್ನು ಬೆರಳಿನಿಂದ ಸವರುತ್ತಿದ್ದಳು.

"ಗೊತ್ತು. ಸುಮ್ನಿರ್ರಪ್ಪಾ ಅಂದೆಯಲ್ಲ, ಒಳಗೆ ಕೇಳಿಸ್ತು. ನನಗೇ ಹೇಳ್ತಿದ್ದೀಯ ಅನ್ನಿಸ್ತು. ಅದಕ್ಕೇ ತಟ್ಟೋದು ನಿಲ್ಲಿಸಿ, ಸುಮಾರು ಹೊತ್ತು ಸುಮ್ನೇ ಕೂತಿದ್ದೆ."

ಬೀಗದಮ್ಮನ ಫೋನು ಮತ್ತೆ ರಿಂಗಾಗತೊಡಗಿತು. ಚರ್ಚಿನಿಂದಲೇ ಇರಬೇಕು. ಅವಳು ತೆಗೆಯಲಿಲ್ಲ. ಮಂಚದ ಅಂಚಿಗೆ ಹಣೆ ಹಚ್ಚಿ ಅತ್ತಳು, ಗಂಡ ಸತ್ತಾಗಲೂ ಅಳದಷ್ಟು ಅತ್ತಳು. ಮಗಳು ತಡೆಯಲಿ ಎಂದು ಕಾಯಲಿಲ್ಲ, ಮಗಳೂ ತಡೆಯಲಿಲ್ಲ. ಆಮೇಲೆ ಮಗು ಒಂದು ಸಣ್ಣ ದನಿ ತೆಗೆಯಿತು, ಅಳುವೂ ಅಲ್ಲದ, ಕರೆಯುವುದೂ ಅಲ್ಲದ ದನಿ. ಫೋನಿನ ಗದ್ದಲದಲ್ಲಿ ಮಗಳಿಗೂ ಅದು ಕೇಳಿಸಲಿಲ್ಲ. ಬೀಗದಮ್ಮನಿಗೆ ಕೇಳಿಸಿತು. ತಲೆಯೆತ್ತಿ ನೋಡಿದಳು.